ತಮ್ಮ ಬ್ರ್ಯಾಂಡ್ ತಾವೇ ಒಡೆದ ನಾಲ್ವರು: 1968ರ ‘ಹೆಡ್’

ಇವತ್ತು ಒಂದು ಫ್ಲಾಪ್ ಸಿನಿಮಾದ ಕಥೆ. ಹಾಕಿದ ದುಡ್ಡು ಸುಮಾರು ಏಳೂವರೆ ಲಕ್ಷ ಡಾಲರ್, ಬಂದದ್ದು ಹದಿನಾರು ಸಾವಿರ ಚಿಲ್ಲರೆ. ನಾನು ಬಿ.ಕಾಂ ಓದಿದವನು, ಇಂಥ ಲೆಕ್ಕ ಕಂಡ್ರೆ ಮೊದಲು ಕೇಳೋದು ಒಂದೇ: ನಷ್ಟ ಯಾರ ತಲೆಗೆ ಬಂತು?

ಸಿನಿಮಾ ಹೆಸರು ‘ಹೆಡ್’. ಅಮೆರಿಕದಲ್ಲಿ 1968ರ ನವೆಂಬರ್‌ನಲ್ಲಿ ತೆರೆಕಂಡಿತು. ನಾಯಕರು ‘ದಿ ಮಂಕೀಸ್’ ಅನ್ನೋ ಪಾಪ್ ತಂಡ: ಮಿಕಿ ಡೊಲೆಂಜ್, ಡೇವಿ ಜೋನ್ಸ್, ಮೈಕಲ್ ನೆಸ್ಮಿತ್, ಪೀಟರ್ ಟಾರ್ಕ್. ಇವರು ಗೆಳೆಯರಾಗಿ ಕಟ್ಟಿದ ತಂಡ ಅಲ್ಲ. ಬೀಟಲ್ಸ್ ಹುಚ್ಚು ಜೋರಾಗಿದ್ದಾಗ ಬಾಬ್ ರಾಫೆಲ್ಸನ್, ಬರ್ಟ್ ಶ್ನೈಡರ್ ಎಂಬ ನಿರ್ಮಾಪಕರು ಟಿವಿ ಸರಣಿಗೆ ಹುಡುಗರು ಬೇಕು ಅಂತ 1965ರಲ್ಲಿ ಜಾಹೀರಾತು ಕೊಟ್ಟು, ಆಡಿಷನ್ ಮಾಡಿ ಜೋಡಿಸಿದ ತಂಡ. 1966ರಲ್ಲಿ ಸರಣಿ ಶುರುವಾಯ್ತು, ಹಾಡುಗಳು ಸೂಪರ್ ಹಿಟ್. ಆದರೆ ಮೊದಲ ಆಲ್ಬಮ್‌ಗಳಲ್ಲಿ ಹಾಡಿದ್ದು ಇವರು, ವಾದ್ಯ ನುಡಿಸಿದ್ದು ಹೆಚ್ಚಾಗಿ ಬಾಡಿಗೆ ಕಲಾವಿದರು. ಅಲ್ಲಿಂದ ಶುರುವಾಯ್ತು ಗೇಲಿ. ನೆಸ್ಮಿತ್, ಟಾರ್ಕ್ ಇಬ್ಬರೂ ಮೊದಲೇ ಸಂಗೀತಗಾರರು ಅನ್ನೋದು ಯಾರಿಗೂ ಬೇಕಿರಲಿಲ್ಲ. 1967ರಲ್ಲಿ ಜಗಳ ಮಾಡಿ, ಬಹುಪಾಲು ತಾವೇ ನುಡಿಸಿ ‘ಹೆಡ್‌ಕ್ವಾರ್ಟರ್ಸ್’ ಆಲ್ಬಮ್ ಮಾಡಿದರು. ಅದು ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಗೇಲಿ ಮಾತ್ರ ನಿಲ್ಲಲಿಲ್ಲ.

ಮರುವರ್ಷ ಸಿನಿಮಾ. ನಾಲ್ವರೂ ರಾಫೆಲ್ಸನ್ ಜೊತೆ, ಆಗಿನ್ನೂ ಅಷ್ಟೇನೂ ಹೆಸರಿಲ್ಲದ ಜಾಕ್ ನಿಕೋಲ್ಸನ್ ಜೊತೆ ಕೂತು, ಟೇಪ್ ರೆಕಾರ್ಡರ್ ಆನ್ ಮಾಡ್ಕೊಂಡು ಬಾಯಿಗೆ ಬಂದದ್ದೆಲ್ಲ ಮಾತಾಡಿದರು. ಚಿತ್ರಕಥೆ ಬಂದಾಗ ಬರಹಗಾರರ ಜಾಗದಲ್ಲಿ ಇದ್ದದ್ದು ನಿಕೋಲ್ಸನ್, ರಾಫೆಲ್ಸನ್ ಹೆಸರು ಮಾತ್ರ. ಮೊದಲ ದಿನ ಶೂಟಿಂಗ್‌ಗೆ ಮೂವರು ಬರಲೇ ಇಲ್ಲ. ಟಾರ್ಕ್ ಒಬ್ಬನೇ ಹಾಜರು.

ನಾನು ಇದನ್ನ ಫೋನಲ್ಲಿ ನೋಡಿದೆ. ಹತ್ತು ನಿಮಿಷಕ್ಕೆ ವಿಡಿಯೋನೇ ಎಲ್ಲೋ ಜಂಪ್ ಆಗ್ತಿದೆ ಅಂದ್ಕೊಂಡೆ. ಇಲ್ಲ, ಸಿನಿಮಾನೇ ಹಾಗೆ. ಡೊಲೆಂಜ್ ಸೇತುವೆಯಿಂದ ಹಾರ್ತಾನೆ, ನೀರೊಳಗೆ ಬಣ್ಣಗಳು ಅದಲುಬದಲಾಗುತ್ತವೆ. ಮರುಭೂಮಿಯಲ್ಲಿ ಕೋಕ್ ಮಷೀನ್ ಸಿಗುತ್ತೆ, ಖಾಲಿ. ವಿಕ್ಟರ್ ಮೆಚೂರ್ ದೈತ್ಯನಾದರೆ, ಈ ನಾಲ್ವರು ಆತನ ತಲೆಯ ಹೊಟ್ಟು! ಎಲ್ಲಿಗೆ ಓಡಿದರೂ ಕೊನೆಗೆ ಒಂದು ಕಪ್ಪು ಪೆಟ್ಟಿಗೆಯೊಳಗೆ ಸಿಕ್ಕಿಬೀಳ್ತಾರೆ. ಅರ್ಧಕ್ಕರ್ಧ ಜೋಕುಗಳು ಈಗ ಹಳಸಿವೆ, ಸುಳ್ಳು ಹೇಳಲ್ಲ.

ಆದರೆ ‘ಸರ್ಕಲ್ ಸ್ಕೈ’ ದೃಶ್ಯ ಬಂದಾಗ ನಾನು ಎದ್ದು ಕೂತೆ. ನೆಸ್ಮಿತ್ ಬರೆದ ಹಾಡು, ಸಾಲ್ಟ್ ಲೇಕ್ ಸಿಟಿಯಲ್ಲಿ ಜನರ ಮುಂದೆ ನಾಲ್ವರೇ ನುಡಿಸಿದ್ದು. ಗಿಟಾರ್ ಒರಟು, ಡ್ರಮ್ ಓಡ್ತಾ ಇರುತ್ತೆ. ನಡುನಡುವೆ ವಿಯೆಟ್ನಾಂ ಯುದ್ಧದ ನಿಜವಾದ ತುಣುಕುಗಳು. 1968ರ ಫೆಬ್ರುವರಿಯಲ್ಲಿ ಸೈಗಾನ್ ಬೀದಿಯಲ್ಲಿ ಕೈದಿಯೊಬ್ಬನ ತಲೆಗೆ ಗುಂಡು ಹಾರಿಸಿದ ದೃಶ್ಯ ಕೂಡ ಈ ಚಿತ್ರದಲ್ಲಿದೆ. ಹಾಡು ಮುಗಿದ ಕೂಡಲೇ ಅಭಿಮಾನಿಗಳು ವೇದಿಕೆಗೆ ನುಗ್ಗಿ ಬಟ್ಟೆ ಹರಿಯುತ್ತಾರೆ. ಕೈಗೆ ಸಿಗೋದು ಬಟ್ಟೆ ಅಂಗಡಿಯಲ್ಲಿ ನಿಲ್ಲಿಸ್ತಾರಲ್ಲ, ಅಂಥ ಗೊಂಬೆಗಳು.

ಇನ್ನು ಈ ವ್ಯವಹಾರ ಕೇಳಿ. ಸಿನಿಮಾದ ಆಲ್ಬಮ್ ಬಂದಾಗ ಅದರಲ್ಲಿ ಈ ನಾಲ್ವರು ನುಡಿಸಿದ ‘ಸರ್ಕಲ್ ಸ್ಕೈ’ ಇರಲಿಲ್ಲ. ನೆಸ್ಮಿತ್ ಬೇರೆ ವಾದ್ಯಗಾರರ ಜೊತೆ ಸ್ಟುಡಿಯೋದಲ್ಲಿ ಮಾಡಿದ ಆವೃತ್ತಿ ಇತ್ತು. ನಾವು ನಿಜವಾದ ಬ್ಯಾಂಡ್ ಅಂತ ತೋರಿಸೋಕೆ ಸಿಕ್ಕ ಸಾಕ್ಷಿಯೇ ಡಿಸ್ಕ್‌ನಿಂದ ಹೊರಗೆ. ಟಾರ್ಕ್‌ಗೆ ಇದು ತುಂಬಾ ನೋವಾಯ್ತು.

ಪ್ರಚಾರವೂ ವಿಚಿತ್ರ: ಜಾಹೀರಾತಿನಲ್ಲಿ ಬೇರೊಬ್ಬನ ಮುಖ, ಮಂಕೀಸ್ ಸುಳಿವೇ ಇಲ್ಲ. ಚಿಕ್ಕ ಮಕ್ಕಳಿಗೆ ಸಿನಿಮಾ ಅರ್ಥ ಆಗಲಿಲ್ಲ, ದೊಡ್ಡ ಹುಡುಗರು ಮಂಕೀಸ್ ಅಂದ್ರೆ ಮೂಗು ಮುರೀತಿದ್ರು.

ಈಗ ಖಾತೆ ನೋಡೋಣ. ಮಂಕೀಸ್‌ನಿಂದ ಬಂದ ದುಡ್ಡಿನ ಬಲದಲ್ಲೇ ರಾಫೆಲ್ಸನ್, ಶ್ನೈಡರ್ ಕಂಪನಿ 1969ರಲ್ಲಿ ‘ಈಜಿ ರೈಡರ್’ ತೆಗೆಯಿತು. ಹಾಲಿವುಡ್ ದಿಕ್ಕೇ ಬದಲಾಯ್ತು, ನಿಕೋಲ್ಸನ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಟಾರ್ಕ್ 1968ರ ಕೊನೆಗೆ ತಂಡ ಬಿಟ್ಟ. ಒಪ್ಪಂದದಿಂದ ಬಿಡಿಸಿಕೊಳ್ಳೋಕೆ ತನ್ನ ಜೇಬಿನಿಂದಲೇ ದುಡ್ಡು ಕಟ್ಟಿದ.

ಆ ಲೈವ್ ಆವೃತ್ತಿ ಆಮೇಲಿನ ಮರುಬಿಡುಗಡೆಗಳಲ್ಲಿ ಸೇರಿದೆ. ಇವತ್ತು ಇಯರ್‌ಫೋನ್ ಹಾಕ್ಕೊಂಡು ಎರಡನ್ನೂ ಒಂದರ ಹಿಂದೊಂದು ಕೇಳಿ. ಲೈವ್ ಮೊದಲು.