ಸಂಜೆಯಾದರೆ ಮಗು ಅಳುವುದು ತಾಯಿಗೆ ಹಾಲು ಸಾಲದ ಲಕ್ಷಣವೇ?

“ಹಾಲು ಕುಡಿದ ಮೇಲೂ ಮಗು ಅಳುತ್ತಿದ್ದರೆ ತಾಯಿಗೆ ಹಾಲು ಸಾಲುತ್ತಿಲ್ಲ ಎಂದರ್ಥ.” ಬಾಣಂತಿಯನ್ನು ನೋಡಲು ಬಂದವರು ಹೇಳುತ್ತಿದ್ದ ಈ ಮಾತು ಈಗ ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಇದು ನಿಜವೇ?

ಮಗು ಅಳುವುದೇಕೆ?

ಹಸಿವಾದರೆ ಮಗು ಅಳುತ್ತದೆ, ನಿಜ. ಆದರೆ ಎಲ್ಲ ಅಳುವೂ ಹಸಿವಿನದ್ದಲ್ಲ. ಹುಟ್ಟಿದ ಸುಮಾರು 2 ವಾರದಿಂದ ಅಳು ಹೆಚ್ಚುತ್ತಾ, 6ನೇ ವಾರದ ಹೊತ್ತಿಗೆ ಜೋರಾಗಿ, 3–4 ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆರೋಗ್ಯವಾಗಿರುವ ಮಗುವೂ ಸಂಜೆ ಹೊತ್ತು ಏನು ಮಾಡಿದರೂ ಸುಮ್ಮನಾಗದಿರಬಹುದು.

ಹಾಲು ಸಾಲುತ್ತಿದೆ ಎಂದು ತಿಳಿಯುವುದು ಹೇಗೆ?

ಮೊದಲ ವಾರದ ನಂತರ ಮಗು ದಿನಕ್ಕೆ 6 ಅಥವಾ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದು, ತೂಕ ಸರಿಯಾಗಿ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಅನಗತ್ಯವಾಗಿ ಪುಡಿ ಹಾಲು ಕೊಟ್ಟರೆ ಮಗು ಎದೆಹಾಲು ಕುಡಿಯುವುದು ಕಡಿಮೆಯಾಗಿ, ಹಾಲಿನ ಉತ್ಪತ್ತಿಯೂ ತಗ್ಗುತ್ತದೆ. ಅಂದರೆ, ಸುಳ್ಳು ಮಾತು ನಂಬಿದ್ದಕ್ಕೇ ನಿಜವಾಗಿಬಿಡುತ್ತದೆ! ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಹೆತ್ತವರ ಪಾಡು

ನವಜಾತ ಶಿಶುವಿಗೆ 24 ಗಂಟೆಯಲ್ಲಿ 8ರಿಂದ 12 ಬಾರಿ ಹಾಲುಣಿಸಬೇಕು. ಹಾಲುಣಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸುವಷ್ಟರಲ್ಲಿ ಮುಂದಿನ ಸರದಿ ಹತ್ತಿರವಾಗಿರುತ್ತದೆ. ಹೀಗೆ ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಮಗುವಿನ ಮೇಲೆ ಸಿಟ್ಟು ಬರಬಹುದು. ಸಿಟ್ಟು ಬಂದ ಮಾತ್ರಕ್ಕೆ ಅವರು ಕೆಟ್ಟ ತಾಯಿ-ತಂದೆಯಲ್ಲ. ಸಹನೆ ಮೀರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ, ಕೆಲವು ನಿಮಿಷ ಪಕ್ಕಕ್ಕೆ ಹೋಗಿ ಸುಧಾರಿಸಿಕೊಳ್ಳಿ. ಎಂದಿಗೂ ಮಗುವನ್ನು ಜೋರಾಗಿ ಅಲುಗಾಡಿಸಬೇಡಿ, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ವೈದ್ಯರ ಬಳಿ ಯಾವಾಗ ಹೋಗಬೇಕು?

ಜ್ವರ, ಹಸಿರು ವಾಂತಿ, ಹಾಲು ಕುಡಿಯದಿರುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ತಡಮಾಡಬೇಡಿ.

ತಾಯಿಯ ಕಡೆಗೂ ಗಮನವಿರಲಿ. ದುಃಖ, ನಿರಾಸಕ್ತಿ ಎರಡು ವಾರ ಮೀರಿದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ತನಗೆ ಅಥವಾ ಮಗುವಿಗೆ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು.

ಒಟ್ಟಿನಲ್ಲಿ, ಬರೀ ಅಳುವನ್ನು ನೋಡಿ ಹಾಲು ಸಾಲದು ಎನ್ನುವುದು ತಪ್ಪು. ಮುಂದಿನ ಸಲ ಬಾಣಂತಿಯ ಮನೆಗೆ ಹೋದಾಗ “ಹಾಲು ಸಾಲುತ್ತಿದೆಯಾ?” ಎಂದು ಕೇಳುವ ಬದಲು, “ಮಗೂನ ನಾನು ನೋಡ್ಕೋತೀನಿ, ನೀನು ಒಂದು ಗಂಟೆ ಮಲಗಮ್ಮ” ಎನ್ನಿ.