ನಡುಗಿದ್ದು ಆಕಾಶವಲ್ಲ

ಸಂದರ್ಶನದ ಕೋಣೆಯ ಹೊರಗೆ ಕೂತವನ ಎದೆ ಪುಕಪುಕ ಎನ್ನುತ್ತದಲ್ಲ, ಇಂಗ್ಲಿಷಿನಲ್ಲಿ ಅದು ‘ಟ್ರೆಪಿಡೇಷನ್’. ಭಯ ಎಂದರೆ ಹೆಚ್ಚಾಯಿತು, ಅಳುಕು ಎಂದರೆ ಹೆಚ್ಚುಕಡಿಮೆ ಸರಿ. ಲ್ಯಾಟಿನ್ ಮೂಲದಲ್ಲಿ ಗಾಬರಿಬಿದ್ದು ನಡುಗುವುದು ಎಂಬ ಅರ್ಥ. ಆದರೆ 17ನೇ ಶತಮಾನದ ಆರಂಭದಲ್ಲಿ ಓದಿಕೊಂಡ ಇಂಗ್ಲಿಷರ ಕಿವಿಗೆ ಇದು ಖಗೋಳಶಾಸ್ತ್ರದ ಪರಿಭಾಷೆಯೂ ಆಗಿತ್ತು: ಹಳೆಯ ವಿಶ್ವಕಲ್ಪನೆಯಲ್ಲಿ ನಕ್ಷತ್ರಗಳನ್ನು ಹೊತ್ತ ಎಂಟನೆಯ ಗೋಳದ ನಡುಕ.

ಆ ನಡುಕ ಹುಟ್ಟಿದ್ದು ಒಂದು ತಪ್ಪು ಲೆಕ್ಕದಿಂದ. ಕ್ರಿ.ಪೂ. 2ನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಚಿತ್ತಾ ನಕ್ಷತ್ರದ ಸ್ಥಾನವನ್ನು ಸುಮಾರು ಒಂದೂವರೆ ಶತಮಾನ ಹಳೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿದ. ಎರಡು ಡಿಗ್ರಿಯಷ್ಟು ವ್ಯತ್ಯಾಸ ಕಂಡಿತು. ಹಗಲು ರಾತ್ರಿ ಸಮವಾಗುವಾಗ ಸೂರ್ಯ ನಿಲ್ಲುವ ವಿಷುವದ್ಬಿಂದು ಮೆಲ್ಲಗೆ ಹಿಂದೆ ಸರಿಯುತ್ತಿದೆ ಎಂಬುದು ಖಾತ್ರಿಯಾಯಿತು. ಎಷ್ಟು ಮೆಲ್ಲಗೆ? ನೂರು ವರ್ಷಕ್ಕೆ 1 ಡಿಗ್ರಿ ಎಂದ ಮುಂದೆ ಬಂದ ಖಗೋಳಜ್ಞ ಟಾಲೆಮಿ. ನಿಜಕ್ಕೆ ಅಷ್ಟು ಸರಿಯಲು 72 ವರ್ಷ ಸಾಕು.

9ನೇ ಶತಮಾನದ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನನ ಜ್ಯೋತಿರ್ವಿದರು ಅಳೆದಾಗ ಸಿಕ್ಕ ಉತ್ತರ 66 ವರ್ಷದ ಆಸುಪಾಸು. ಹಾಗಾದರೆ ನೂರು ಎಂದ ಟಾಲೆಮಿ ತಪ್ಪಿದನೇ? ಗುರುವನ್ನು ಅನುಮಾನಿಸುವುದಕ್ಕಿಂತ ಆಕಾಶವನ್ನು ಅನುಮಾನಿಸುವುದು ಅನೇಕರಿಗೆ ಸುಲಭವಾಯಿತು. ವಿಷುವದ್ಬಿಂದು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುತ್ತದೆ, ಅದಕ್ಕೇ ವೇಗ ಬದಲಾಗುತ್ತದೆ ಎಂಬ ಹಳೆಯ ಊಹೆಗೆ ಹೊಸ ಗಣಿತದ ಬಲ ಬಂತು. ತಾಬಿತ್ ಇಬ್ನ್ ಕುರ್ರನ ಹೆಸರಿನಲ್ಲಿ (ಅವನದೇ ಹೌದೋ ಎಂಬ ಶಂಕೆ ಈಗಲೂ ಇದೆ) ಯುರೋಪಿಗೆ ಹೋದ ಗ್ರಂಥ ಈ ತೂಗಾಟವನ್ನು ಅಲ್ಲಿ ಹರಡಿತು. ಗ್ರಹಗತಿ ಲೆಕ್ಕದ ಆಲ್ಫಾನ್ಸೊ ಕೋಷ್ಟಕಗಳಂತೂ 49,000 ವರ್ಷದ ಸುತ್ತನ್ನೂ 7,000 ವರ್ಷದ ತೂಗಾಟವನ್ನೂ ಒಟ್ಟಿಗೆ ಇಟ್ಟುಕೊಂಡವು. ಭೂಮಿಯನ್ನೇ ಕದಲಿಸಿದ ಕೊಪರ್ನಿಕಸ್ ಕೂಡ 1543ರ ಗ್ರಂಥದಲ್ಲಿ ಇದನ್ನು ಕೈಬಿಡಲಿಲ್ಲ.

ಕೈಬಿಟ್ಟವನು ಟೈಕೋ ಬ್ರಾಹೆ. ದೋಷ ಆಕಾಶದ್ದಲ್ಲ, ಹಳಬರ ಅಳತೆಯದು ಎಂದ. ಆದರೂ ಪದ ಕವಿಗಳ ಕೈಸೇರಿತು. ಜಾನ್ ಡನ್ ತನ್ನ ವಿದಾಯದ ಕವಿತೆಯೊಂದರಲ್ಲಿ ಜನರನ್ನು ಹೆದರಿಸುವ ಭೂಕಂಪಕ್ಕೆದುರಾಗಿ, ಯಾರಿಗೂ ಅಪಾಯ ಮಾಡದ ಗೋಳಗಳ ಈ ಮಹಾನಡುಕವನ್ನು ಇಟ್ಟ. ಸಿದ್ಧಾಂತ ಸತ್ತ ಮೇಲೆ ಉಳಿದದ್ದು ಎದೆಯ ಅಳುಕಷ್ಟೇ.

ನಮ್ಮ ಪಂಚಾಂಗದವರಿಗೂ ಈ ತೂಗಾಟ ಹೊಸದಲ್ಲ. ಸೂರ್ಯಸಿದ್ಧಾಂತದ ಪ್ರಕಾರ ಅಯನ ಆಚೆ ಈಚೆ 27 ಡಿಗ್ರಿ ತೂಗಿ ಬರಲು 7,200 ವರ್ಷ ಬೇಕು. ಜ್ಯೋತಿರ್ವಿದ ಮುಂಜಾಲನದು ಬೇರೆ ಮತ. ತೂಗಾಟವಿಲ್ಲ, ಪೂರ್ತಿ ಸುತ್ತು. ಇದು ಬರೀ ಪಂಡಿತರ ಜಗಳವಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ 14–15ಕ್ಕೆ. ನಡುವಿನ ಮೂರು ವಾರಕ್ಕೂ ಮೀರಿದ ಅಂತರವೇ ಸುಮಾರು 24 ಡಿಗ್ರಿಯ ಅಯನಾಂಶ. ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಇದು ಕ್ರಿ.ಶ. 499ರಲ್ಲಿ ಸೊನ್ನೆಯಾಗಿತ್ತು, ವರ್ಷಕ್ಕೆ 54 ವಿಕಲೆಯಂತೆ (ಆರ್ಕ್‌ಸೆಕೆಂಡ್) ಬೆಳೆದು 2299ರಲ್ಲಿ 27 ಮುಟ್ಟಿ, ಅಲ್ಲಿಂದ ಹಿಂದಿರುಗಬೇಕು. ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಿಸಿ ಎಣಿಸುವ ದೃಗ್ಗಣಿತದವರ ಲೆಕ್ಕದಲ್ಲಿ ಮಾತ್ರ ಅದು ಬೆಳೆಯುತ್ತಲೇ ಹೋಗುತ್ತದೆ, ಸಂಕ್ರಾಂತಿಯೂ ಫೆಬ್ರವರಿಯ ಕಡೆಗೆ ಜಾರುತ್ತಾ ಹೋಗುತ್ತದೆ.