ಖಂಡಸ್ಫುಟಿತ ಜೀರ್ಣೋದ್ಧಾರವೂ ಶಾಲೆಯ ಮುಕ್ತ ತಂತ್ರಾಂಶವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ಣಾಟಿಕ’ದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿಯೂ, ನಾಗಮಂಗಲದವು 7ನೆಯ ಸಂಪುಟದಲ್ಲಿಯೂ ಅಡಕವಾಗಿವೆ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಚಿರಪರಿಚಿತವಾದುದು. ಒಡೆದುದನ್ನೂ ಬಿರಿದುದನ್ನೂ ಶಿಥಿಲವಾದುದನ್ನೂ ಸರಿಪಡಿಸುವುದೆಂದು ಅದರ ತಾತ್ಪರ್ಯ. ದೇವಾಲಯವನ್ನು ಕಟ್ಟಿಸಿದ ದಾನಿಯು ಅದರ ದುರಸ್ತಿಗೂ ಭೂಮಿಯನ್ನು ಬಿಡುತ್ತಿದ್ದನು. ಕೆರೆಗೆ ‘ಬಿತ್ತುವಟ್ಟ’ವೂ, ಪಾಠ ಹೇಳುವ ವಿದ್ವಾಂಸನಿಗೆ ‘ಭಟ್ಟವೃತ್ತಿ’ಯೂ ಇದೇ ಬಗೆಯ ಏರ್ಪಾಡುಗಳು. ಹೊಯ್ಸಳರ ಕಾಲದಲ್ಲಿ ‘ಯಾದವನಾರಾಯಣ ಚತುರ್ವೇದಿಮಂಗಲ’ವೆನಿಸಿದ್ದ ತೊಣ್ಣೂರಿನಂತಹ ಅಗ್ರಹಾರಗಳಿಗೆ ಇಂತಹ ವೃತ್ತಿಗಳೇ ಆಧಾರ. ವಿದ್ಯೆಯನ್ನು ಮಾರಬಾರದೆಂಬ ಧರ್ಮಕ್ಕೂ, ಕಲಿಸುವವನು ಉಪವಾಸವಿರಬಾರದೆಂಬ ವಿವೇಕಕ್ಕೂ ಅಲ್ಲಿ ವಿರೋಧವಿರಲಿಲ್ಲ.

ಈ ವಿವೇಕವು ಇಂದಿನ ಪಾಠಶಾಲೆಯ ಗಣಕಯಂತ್ರದ ವಿಷಯದಲ್ಲಿಯೂ ವಿಚಾರಾರ್ಹವಾಗಿದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ‘ಗ್ನೂ’ ಯೋಜನೆಯನ್ನು ಸಾರಿದರು. ಬಳಸುವ, ಪರೀಕ್ಷಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವುಳ್ಳ ತಂತ್ರಾಂಶವೇ ಮುಕ್ತ ತಂತ್ರಾಂಶವೆನಿಸಿತು. 1985ರಲ್ಲಿ ಪ್ರಕಟವಾದ ಅವರ ಪ್ರಣಾಳಿಕೆಯಲ್ಲಿಯೇ, ತಂತ್ರಾಂಶವನ್ನು ಹಂಚಿಕೊಂಡರೂ ಅದರ ಸೇವೆಯಿಂದ ಜೀವನೋಪಾಯವುಂಟೆಂಬ ವಾದವಿದೆ. ಆದರೂ ‘ಮುಕ್ತ’ವೆಂದೊಡನೆ ‘ವೆಚ್ಚವಿಲ್ಲದ್ದು’ ಎಂದೆಣಿಸುವ ಭ್ರಾಂತಿಯು ಬಲವಾಗಿದೆ. ಪರವಾನಗಿಗೆ ಹಣ ಬೇಡವಾದರೂ, ಕೆಟ್ಟ ಯಂತ್ರವನ್ನು ಸರಿಪಡಿಸುವವರೂ, ಉಪಾಧ್ಯಾಯರಿಗೆ ಕಲಿಸುವವರೂ, ಕನ್ನಡದ ಅಕ್ಷರಗಳು ಸರಿಯಾಗಿ ಮೂಡುವಂತೆ ತಿದ್ದುವವರೂ ಬೇಕೇ ಬೇಕು.

ಎರಡು ನೆರೆರಾಜ್ಯಗಳ ಅನುಭವವನ್ನು ಇಲ್ಲಿ ಹೋಲಿಸಬಹುದು. ಕರ್ಣಾಟಕದಲ್ಲಿ 2001ರ ಸುಮಾರಿನಲ್ಲಿ ತೊಡಗಿದ ‘ಮಾಹಿತಿ ಸಿಂಧು’ ಯೋಜನೆಯು ಗಣಕಶಿಕ್ಷಣದ ಭಾರವನ್ನು ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆಯಾಗಿ ವಹಿಸಿತು. ಗುತ್ತಿಗೆ ತೀರಿದೊಡನೆ ಬೋಧಕನು ಹೊರಟುಹೋಗುವನು. ಅವನ ತಿಳಿವಳಿಕೆಯೂ ಅವನೊಡನೆ ಶಾಲೆಯ ಬಾಗಿಲನ್ನು ದಾಟುವುದು. ಕೇರಳದಲ್ಲಿ 2001ರಲ್ಲಿಯೇ ಆರಂಭವಾದ ‘ಐಟಿ ಅಟ್ ಸ್ಕೂಲ್’ ಕ್ರಮೇಣ ಮುಕ್ತ ತಂತ್ರಾಂಶವನ್ನು ಆಶ್ರಯಿಸಿ, ಶಾಲೆಯ ಉಪಾಧ್ಯಾಯರಲ್ಲಿಯೇ ಕೆಲವರನ್ನು ತರಬೇತುದಾರರನ್ನಾಗಿ ನಿಯೋಜಿಸಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪೆನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಈ ವ್ಯವಸ್ಥೆಗೆ ಒಳಪಟ್ಟಿವೆ. ಈ ವಿಷಯದ ಪಠ್ಯಪುಸ್ತಕವು ಕನ್ನಡದಲ್ಲಿಯೂ ಹೊರಡುತ್ತದೆ. ಅಲ್ಲಿ ತಂತ್ರಾಂಶಕ್ಕೆ ಬೆಲೆಯಿಲ್ಲ. ಅದನ್ನು ಕಾಪಾಡುವ ಮನುಷ್ಯನಿಗೆ ಸಂಬಳವುಂಟು. ಕರ್ಣಾಟಕದಲ್ಲಿಯೂ 2010ರ ಅನಂತರದ ವರ್ಷಗಳಲ್ಲಿ ವಿಷಯ ಶಿಕ್ಷಕರ ವೇದಿಕೆಯು ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗೆ ಮುಕ್ತ ತಂತ್ರಾಂಶವನ್ನು ಪರಿಚಯಿಸಿ, ಅವರು ರಚಿಸಿದ ಪಾಠಸಾಮಗ್ರಿಯನ್ನು ಎಲ್ಲರಿಗೂ ದೊರಕಿಸುವ ಕಾರ್ಯದಲ್ಲಿ ತೊಡಗಿತು.

ಇದರಿಂದ ಸಿದ್ಧವಾಗುವುದಿಷ್ಟು: ಪರವಾನಗಿಯಲ್ಲಿ ಉಳಿದ ಹಣವನ್ನು ಉಳಿತಾಯವೆಂದು ಬೊಕ್ಕಸಕ್ಕೆ ಸೇರಿಸಿದರೆ, ಕೆರೆಯನ್ನು ಕಟ್ಟಿ ಬಿತ್ತುವಟ್ಟವನ್ನು ಮರೆತಂತಾಗುವುದು. ಏರಿ ಒಡೆದ ಮೇಲೆ ನೀರು ಯಾರ ಗದ್ದೆಗೂ ಹರಿಯದು. ಯಂತ್ರಗಳು ಮೂಲೆಗೆ ಬಿದ್ದ ಮೇಲೆ ಅದರ ನಷ್ಟವು ಬೇರೆಡೆ ಕಲಿಯುವ ಅನುಕೂಲವಿಲ್ಲದ ಹಳ್ಳಿಯ ಮಗುವಿನದು. ಆದಕಾರಣ ಶಾಲೆಗೆ ಮುಕ್ತ ತಂತ್ರಾಂಶವನ್ನು ವಿಧಿಸುವ ಪ್ರತಿಯೊಂದು ಆಜ್ಞೆಯಲ್ಲಿಯೂ ಅದರ ಜೀರ್ಣೋದ್ಧಾರಕ್ಕೊಂದು ವೃತ್ತಿಯು ನಮೂದಾಗುವುದು ಅವಶ್ಯಕ.